ಸಾನ್ನ ಬಿಟ್ಟ ಹದಿನೈದು ದಿನ

ಕಲ್ಯಾಣಪುರ
೧೪-೯-೧೯೮೨

ಪ್ರೀತಿಯ ಮನೋರಮಾ,

ಕಾರ್ಕಳದಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಈ ಕಾಗದವನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಒಡೆಯಬೇಡ, ಮನೆಗೆ ಹೋಗಿ ಓದು.

ನನ್ನ ತುರಿಕೆ, ಮೊಸರು ಒಡೆದಂತೆ ಹೋಗುವ ಬಿಳಿ ಸೆರಗು, ಎಲ್ಲವನ್ನೂ ಜುಲೈಯಲ್ಲಿ ನಿನಗೆ ಬರೆದಿದ್ದೆನಲ್ಲ. ಗಂಡಂದಿರು ಪರವೂರಿನಿಂದ ತರುವ ಕಾಯಿಲೆ ಇರಬಹುದು, ವಿಚಾರಿಸು ಎಂದು ನೀನು ಉತ್ತರಿಸಿದೆ. ಲಿಯೋನೆಲ್ ಮೇಯಲ್ಲಷ್ಟೇ ರಜೆ ಮುಗಿಸಿ ಬಹ್ರೈನಿಗೆ ಹೋದವರು. ನಾನು ವಿಚಾರಿಸಲಿಲ್ಲ. ನನಗೆ ಈ ರೋಗ ಕೊಟ್ಟವರು ನೀವೇ ಎಂದು ಅವರಿಗೆ ಬರೆದುಬಿಟ್ಟೆ. ಇದನ್ನು ನಿನಗೆ ತಿಳಿಸಿರಲಿಲ್ಲ.

ಆಮೇಲೆ ಧೈರ್ಯ ಮಾಡಿ ಮಣಿಪಾಲದ ಲೇಡಿ ಡಾಕ್ಟರರ ಬಳಿ ಹೋದೆ. ಇದು ಯೀಸ್ಟ್, ಹಿಟ್ಟು ಹುಳಿ ಬರಿಸುವ ಜಾತಿಯದೇ ಒಂದು ಬೂಷ್ಟು ಎಂದರು. ನಮ್ಮಲ್ಲಿ ಇಡ್ಲಿಯಂಥ ಸಾನ್ನದ ಹಿಟ್ಟು ಉಬ್ಬುವುದು ಶೇಂದಿಯಿಂದ. ಹಾಗಾದರೆ ಅದೇ ಕಾರಣ ಎಂದುಕೊಂಡು ಹದಿನೈದು ದಿನ ಸಾನ್ನ ಬಿಟ್ಟು ಬ್ರೆಡ್ ತಿಂದೆ. "ಎಂತ, ನಾನು ಬೇಯಿಸಿದ್ದು ಈಗ ಟೀಚರಮ್ಮನಿಗೆ ಸೇರುವುದಿಲ್ಲ ಅಲ್ವಾ?" ಎಂದು ಅತ್ತೆ ಮುಖ ತಿರುಗಿಸಿದರು. ಅವರಿಗೆ ಏನೆಂದು ಹೇಳುವುದು?

ನಿನ್ನೆ ಪುನಃ ಹೋದಾಗ ಡಾಕ್ಟರರಿಗೆ ಇದನ್ನು ಹೇಳಿದೆ. "ತಿಂದದ್ದು ಅಲ್ಲಿಗೆ ಹೋಗುವುದಿಲ್ಲ ಮಾರಾಯ್ತಿ. ಬ್ರೆಡ್ಡಿನಲ್ಲಿಯೂ ಯೀಸ್ಟೇ ಉಂಟು" ಎಂದು ನಕ್ಕರು. ಆ ಬೂಷ್ಟು ಆರೋಗ್ಯವಂತ ಹೆಂಗಸರಲ್ಲೂ ಸ್ವಲ್ಪ ಇರುತ್ತದಂತೆ, ಅದನ್ನು ಅಂಕೆಯಲ್ಲಿಡುವ ಒಳ್ಳೆಯ ಕ್ರಿಮಿಗಳೂ ಇರುತ್ತವಂತೆ. ಜೂನಿನಲ್ಲಿ ಕಾಲಿನ ಕುರುವಿಗೆಂದು ಹತ್ತು ದಿನ ನುಂಗಿದ ಕ್ಯಾಪ್ಸೂಲ್ ಆ ಒಳ್ಳೆಯವನ್ನೂ ಕೊಂದಿತು. ನಾನು ಹೆದರಿ ದಿನಕ್ಕೆ ಮೂರು ಸಲ ಸಾಬೂನು ಹಾಕಿ ತೊಳೆದದ್ದು ಇನ್ನಷ್ಟು ಕೆಡಿಸಿತು. ಗಂಡನಿಂದ ಬರುವ ಸೋಂಕು ಬೇರೆ, ಅದಕ್ಕೆ ಇಬ್ಬರಿಗೂ ಮದ್ದು ಬೇಕು, ಇದು ಅದಲ್ಲ ಎಂದರು. ಒಳಗಿಡುವ ಮಾತ್ರೆಯಿಂದ ಈಗ ಗುಣವೂ ಆಗಿದೆ.

ಅಂದರೆ ಯಾರ ತಪ್ಪೂ ಇಲ್ಲ. ಇಲ್ಲದ ತಪ್ಪಿಗೆ ಲಿಯೋನೆಲ್‌ರಿಗೆ ಅಂಥ ಕಾಗದ ಹೋಗಿದೆ. ಕ್ಷಮೆ ಕೇಳಲು ಕುಳಿತರೆ ಮೊದಲ ಸಾಲೇ ಹೊಳೆಯುವುದಿಲ್ಲ. ಇನ್ನು ಅವರು ನನ್ನೊಡನೆ ಮೊದಲಿನಂತೆ ಇರುತ್ತಾರೋ ಇಲ್ಲವೋ. ಹೇಗೆ ಆರಂಭಿಸಲಿ, ಬೇಗ ಬರೆ.

ನಿನ್ನ
ಸೆಲೀನ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಂಚೆಯ ದೇಜಪ್ಪ ಲಿಯೋನೆಲ್‌ರ ಉತ್ತರ ತಂದುಕೊಟ್ಟ. ನಾನು ಬರೆದದ್ದು ನಿಜವಂತೆ. ಕಳೆದ ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿ ಬೇರೊಬ್ಬಳ ಬಳಿ ಹೋಗಿದ್ದರಂತೆ, ಒಂದೇ ಸಲವಂತೆ. ನಿನಗೆ ರೋಗ ತಂದೆ, ಕ್ಷಮಿಸು ಎಂದು ಮೂರು ಕಡೆ ಬರೆದಿದ್ದಾರೆ. ಸೋಮವಾರ ಮಣಿಪಾಲಕ್ಕೆ ಹೋಗಿ ಆ ಬೇರೆ ಸೋಂಕಿನ ಪರೀಕ್ಷೆಯನ್ನೂ ಮಾಡಿಸುತ್ತೇನೆ. ನನಗಾದದ್ದು ಅವರಿಂದ ಬಂದದ್ದಲ್ಲ ಎಂದು ತಿಳಿಸಬೇಕೋ ಬೇಡವೋ, ಅದನ್ನೂ ಬರೆ.