ಮೊಣಕೈ ಪಟ್ಟಿ

ಅತ್ತೆಯವರಿಗೆ ನಮಸ್ಕಾರ.

ಬಲಭುಜ ಮುರಿದಿರುವುದರಿಂದ ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊಳ್ಳಿ.

ನಿಮ್ಮ ಮಗ ಮೊಣಕೈ ಮುರಿದುಕೊಂಡಾಗ ನಾನು ಕೆಲಸ ಮಾಡುವ ಕಾರ್ಖಾನೆಯ ಬೆಳ್ಳಿ ಲೇಪದ ನೂಲಿನಲ್ಲಿ ಪಟ್ಟಿ ಹೆಣೆದು ತೊಡಿಸಿದವಳು ನಾನೇ. ಕೈ ಮಡಚಿದಾಗ ಆ ನೂಲು ಹಿಗ್ಗುತ್ತದೆ. ಎಷ್ಟು ಹಿಗ್ಗಿತೆಂಬುದು ಡಾಕ್ಟರಿಗೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಗೆರೆಯಾಗಿ ಕಾಣುತ್ತದೆ.

ಭಾನುವಾರ ನಿಮ್ಮ ಮಗನ ಅಂಗಿಗೆ ಇಸ್ತ್ರಿಯಾಗಿರಲಿಲ್ಲ. ಮೊದಲು ಕೆನ್ನೆಗೆ ಬಿತ್ತು, ಹಲ್ಲು ಉದುರಿತು. ನೆಲಕ್ಕೆ ಕೆಡವಿ ಇಸ್ತ್ರಿಪೆಟ್ಟಿಗೆಯಿಂದಲೇ ಭುಜಕ್ಕೆ ಹೊಡೆದರು. ಏಳಲು ಹೋದಾಗ ಮತ್ತೆ ಹೊಡೆದರು. ನೀವು ಪಕ್ಕದ ಕೋಣೆಯಲ್ಲಿ ಟಿವಿ ದನಿ ಜೋರು ಮಾಡಿದಿರಿ. ಆಮೇಲೆ ಪೊಲೀಸರಿಗೆ, "ಇವಳೇ ಜಾರಿ ಬಿದ್ಲು. ನನ್ನ ಮಗನಿಗೆ ಕೈ ಎತ್ತೋಕೇ ಆಗಲ್ಲ" ಎಂದಿರಿ. ಅವರು ನಂಬಿ ಹೋದರು.

ಮರುದಿನ ಡಾಕ್ಟರ್ ಫೋನ್ ಮಾಡಿದರು. ಗೆರೆ ನೋಡಿ ಖುಷಿಯಾಗಿದ್ದರು.

"ನಿನ್ನೆ ಕೈ ಎಷ್ಟು ಚೆನ್ನಾಗಿ ಬೀಸಿದ್ದಾರಮ್ಮ, ಅದೂ ಮತ್ತೆ ಮತ್ತೆ. ಏನು ವ್ಯಾಯಾಮ ಮಾಡಿಸಿದ್ರಿ?"

ಹೇಳಿದೆ.

ಈ ಪತ್ರ ತಂದುಕೊಟ್ಟವರು ನಿಮ್ಮ ಮಗನನ್ನು ಕರೆದೊಯ್ಯಲು ಬಂದ ಪೊಲೀಸರು. ಅಂಗಿಯೊಂದಕ್ಕೆ ನೀವೇ ಇಸ್ತ್ರಿ ಮಾಡಿಕೊಡಿ. ಅಷ್ಟು ಹೊತ್ತು ಅವರು ಕಾಯುತ್ತಾರೆ.

ಇಂತಿ,
ನಿಮ್ಮ ಸೊಸೆಯಾಗಿದ್ದವಳು