ಅಂಚಿನ ಮೇಲೆ ಹಿಡಿದ ಅಳತೆ

3, ಸೋಮವಾರ

ಇವತ್ತೂ ಮೂರು ಜೊತೆ ಬ್ರೇಕ್ ಡಿಸ್ಕ್ ಲೇತಿಗೆ ಹಾಕಿ ಹೆರೆದೆ. ಕಬ್ಬಿಣದ ಪುಡಿ ಮೂಗಿನೊಳಗೆ. ಸೀನಿದರೆ ಕರ್ರಗೆ. ಥೂ.

ನರ್ಸಮ್ಮನ ಕಾರು ಮತ್ತೆ ಬಂದಿತ್ತು. ಬ್ರೇಕ್ ಒತ್ತಿದರೆ ಕಿರುಚುತ್ತದೆ, ಸ್ಟೀರಿಂಗ್ ನಡುಗುತ್ತದೆ. ಆರು ತಿಂಗಳಲ್ಲಿ ಮೂರನೇ ಸಲ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಮೆತ್ತನೆಯದು ಹಾಕೋಣ ಎಂದೆ. ಮೇಸ್ತ್ರಿ ಕೇಳಲಿಲ್ಲ.

"ಗಟ್ಟಿದೇ ಹಾಕು. ಬಾಳಿಕೆ ಬರತ್ತೆ."

ಬಾಳುತ್ತದೆ — ಡಿಸ್ಕನ್ನು ತಿಂದುಕೊಂಡು. ಆಮೇಲೆ ಡಿಸ್ಕ್ ನನ್ನ ಲೇತಿಗೆ. ಇನ್ನಷ್ಟು ತೆಳ್ಳಗೆ.

20 ಮಿಲಿಮೀಟರಿಗಿಂತ ಕಡಿಮೆಯಾದರೆ ಎಸೆಯಿರಿ ಎಂದು ಡಿಸ್ಕ್ ಮೇಲೇ ಅಚ್ಚಾಗಿದೆ. ಹೆರೆದು ಅಳೆದೆ. 21. ಮತ್ತೆ ಅಳೆದೆ. ಮತ್ತೆ. ಮೇಸ್ತ್ರಿ ನಕ್ಕರು. "ಅನುಮಾನಪ್ಪ, ಅದಕ್ಕೇನು ಜ್ವರ ಬಂದಿದ್ಯಾ?"

ಸಂಜೆ ಕಾರು ಹೋಯಿತು. ನರ್ಸಮ್ಮ ದಿನಾ ಗುಡ್ಡದ ಆಸ್ಪತ್ರೆಯಿಂದ ಇಳಿದು ಬರುವವರು. ಆ ಇಳಿಜಾರು ನೆನೆದೇ ಮೂರು ಸಲ ಅಳೆದದ್ದು.

6, ಗುರುವಾರ

ಪ್ಯಾಡ್ ಮಾರಲು ಬರುವ ತಾತ ನಾನು ಇನ್ನೊಂದು ಕಾರಿನ ಡಿಸ್ಕ್ ಅಳೆಯುವುದನ್ನು ನೋಡಿದರು.

"ಇದೇನಪ್ಪಾ, ಅಂಚಿನ ಮೇಲೆ ಹಿಡಿದಿದ್ದೀಯ?"

"ಮೇಸ್ತ್ರಿ ಹಿಂಗೇ ಹೇಳ್ಕೊಟ್ಟಿದ್ದು ತಾತ."

"ಅಂಚಿಗೆ ಪ್ಯಾಡ್ ತಾಗತ್ತಾ? ಅದನ್ನ ನೀನೂ ಹೆರೆಯಲ್ಲ. ನೂರು ವರ್ಷ ಆದ್ರೂ ಅಷ್ಟೇ ದಪ್ಪ ತೋರ್ಸತ್ತೆ."

ಅಂಚು ಅಡ್ಡ ಬಾರದಂತೆ, ಸವೆದ ಜಾಗಕ್ಕೆ ಎರಡೂ ಕಡೆ ಒಂದೊಂದು ನಾಣ್ಯ ಇಟ್ಟು ಅಳೆದರು. ನಾಣ್ಯಗಳ ದಪ್ಪ ಕಳೆ ಎಂದರು. ಕಳೆಯುವ ಲೆಕ್ಕ ನನಗೂ ಬರುತ್ತದೆ, ಆರನೇ ಕ್ಲಾಸಿನವರೆಗೆ ಹೋದವನು. ಇದಕ್ಕೂ ನಾನು 21 ಎಂದು ಬರೆದಿದ್ದೆ. ನಿಜಕ್ಕೆ 18.

ಎಂಟು ವರ್ಷ ಹೀಗೇ ಅಳೆದಿದ್ದೇನೆ...

7, ಶುಕ್ರವಾರ

ಮೇಸ್ತ್ರಿಗೆ ಹೇಳಿದೆ. ಗೊತ್ತಂತೆ. ಮೊದಲಿಂದಲೂ ಗೊತ್ತಂತೆ. ಬಾಯಿ ತುಂಬ ಬ್ರೆಡ್ಡು.

"ಹೊಸಾ ಡಿಸ್ಕ್ ಹಾಕ್ಸಿ ಅಂದ್ರೆ ಗಿರಾಕಿ ಬೇರೆ ಗ್ಯಾರೇಜಿಗೆ ಹೋಗ್ತಾರೆ. ನಿಂಗೆ ಸರಿಯಾಗಿ ಕಲಿಸಿದ್ರೆ ಸುಳ್ಳು ಹೇಳೋಕೆ ಬರ್ತಿತ್ತಾ? ಮುಖದಲ್ಲೇ ಗೊತ್ತಾಗ್ತಿತ್ತು. ಅದಕ್ಕೇ ಹಾಗೆ ಕಲಿಸಿದ್ದು."

ನಕ್ಕ. ತುಟಿಗೆ ಅಂಟಿದ ಚೂರು ನಾಲಿಗೆಯಿಂದ ಎಳೆದುಕೊಂಡ. ವಾಕರಿಕೆ ಬಂತು. ಅವನನ್ನು ನೋಡಿಯೋ, ನನ್ನ ಮುಖ ಅಷ್ಟು ಉಪಯೋಗಕ್ಕೆ ಬಂದದ್ದಕ್ಕೋ.

11, ಮಂಗಳವಾರ

ಮೂರು ದಿನದಿಂದ ರಜೆ ಹಾಕಿದ್ದೇನೆ. ನರ್ಸಮ್ಮನಿಗೆ ಎರಡು ಸಲ ಫೋನ್ ಹಚ್ಚಿ ಕಟ್ ಮಾಡಿದೆ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ — ಇಳಿಜಾರು. ತಟ್ಟೆ ಹಾಗೇ ಇದೆ.

ಹೆಂಡತಿ ಹೇಳಿದಳು: "ಹೋಗಿ ಹೇಳಿ, ಇಲ್ಲಾ ಊಟ ಮಾಡಿ. ಎರಡೂ ಮಾಡ್ದೆ ನನ್ನ ಪ್ರಾಣ ತಿನ್ಬೇಡಿ."

12, ಬುಧವಾರ, ಬೆಳಿಗ್ಗೆ 7

ನಾನು ಹೋದಾಗ ನರ್ಸಮ್ಮ ಮನೆ ಮುಂದೆ ಆಗಲೇ ಕಾರಿನ ಬಾಗಿಲು ತೆಗೆದಿದ್ದರು.

"ಕಾರು ತೆಗೀಬೇಡಿ ಅಕ್ಕಾ. ಬ್ರೇಕ್ ಸರಿಯಿಲ್ಲ."

"ನೀನೇ ಅಲ್ವೇನಪ್ಪಾ ಮಾಡಿದ್ದು?"

"ನಾನೇ. ಅದಕ್ಕೇ ಬಂದೆ."

ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬಾಗಿಲು ಹಾಕಿ, ಬಗ್ಗಿ ಚಕ್ರ ನೋಡಿದರು.

"ನಂದೊಂದೇನಾ?"

ಅಲ್ಲ ಎಂದು ತಲೆಯಾಡಿಸಿದೆ.

"ಹಾಗಾದ್ರೆ ಕೂತ್ಕೋ. ಯಾರ್ಯಾರದು, ಬರಿ."

ಅವರ ಮೆಟ್ಟಿಲ ಮೇಲೆ ಕೂತಿದ್ದೇನೆ. ನೆನಪಾದಷ್ಟು —

ಡ್ರಾಯಿಂಗ್ ಮೇಷ್ಟ್ರ ಬಿಳಿ ಕಾರು. ಔಷಧಿ ಅಂಗಡಿಯವರದು. ಹಾಲಿನ ವ್ಯಾನು. ತುಂಬು ಬಸುರಿ ಮಗಳನ್ನು ಹಿಂದೆ ಕೂರಿಸಿಕೊಂಡು ಬಂದಿದ್ದ ಆ ಟೈಲರು. ಶಾಲೆಯ ಮಕ್ಕಳ ವ್ಯಾನು.