ಟಿವಿ ಪಕ್ಕದ ಹನ್ನೊಂದು ಬುಷ್

ಅಪ್ಪ,

ನಾಯಂಡಹಳ್ಳಿ ವರ್ಕ್‌ಶಾಪಿನಲ್ಲಿ, ನೀವು ಸಾಯುವವರೆಗೂ ದುಡಿದ ಅದೇ ಲೇತಿನಲ್ಲಿ, ಇವತ್ತು ಒಂದು ಹಿತ್ತಾಳೆ ಬುಷ್, ಯಂತ್ರದ ದಂಡಕ್ಕೆ ತೊಡಿಸುವ ಆ ದಪ್ಪ ಬಳೆ, ಕೆಡಿಸಿದೆ. ಒಳಗಿನ ತೂತು ದೊಡ್ಡದಾಯಿತು. ನಿಮ್ಮ ಮಗಳಲ್ಲವೇ, ಕೆಟ್ಟ ಪೀಸನ್ನು ಬ್ಯಾಗಿಗೆ ಹಾಕಿಕೊಂಡೆ. ನೀವು ಕೆಡಿಸಿ ತಂದ ಹನ್ನೊಂದು ಇವತ್ತಿನವರೆಗೂ ಟಿವಿ ಪಕ್ಕದ ಶೆಲ್ಫಿನಲ್ಲೇ ಇದ್ದವು. ದಿನಾ ಕಣ್ಣಿಗೆ ಬಿದ್ದರೆ ಮತ್ತೆ ತಪ್ಪಾಗುವುದಿಲ್ಲ ಎಂದು ನೀವು ನಂಬಿದ್ದಿರಿ. ನಾನೂ ನಂಬಿದ್ದೆ.

ಪಕ್ಕದ ಮೆಷಿನ್ನಿನ ಶಶಿಕಲಕ್ಕ ನೋಡಿಬಿಟ್ಟರು.

"ಅದನ್ನ ಮನೇಗ್ ತಗೊಂಡೋಗಿ ಏನೇ ಮಾಡ್ತೀಯ?"

"ಎಲ್ಲಿ ತಪ್ಪಾಯ್ತು ಅಂತ ಕೂತ್ಕೊಂಡು ಯೋಚ್ನೆ ಮಾಡ್ತೀನಕ್ಕ."

"ಮನೇಲಿ ಕೂತು ನಿನ್ನ ನೀನೇ ಬೈಕೊಂಡ್ರೆ ಗೊತ್ತಾಗುತ್ತಾ? ಬಾ, ಮೆಷಿನ್ ನೋಡೋಣ."

ನೋಡಿದೆವು. ತೂತು ಕೊರೆಯುವ ಟೂಲನ್ನು ಹಿಡಿದಿಡುವ ಬೋಲ್ಟು ಸಡಿಲವಾಗಿತ್ತು. ಐದು ನಿಮಿಷದ ಕೆಲಸ. ಬಿಗಿ ಮಾಡಿದ ಮೇಲೆ ಮುಂದಿನ ಬುಷ್ ಅಳತೆಗೆ ಸರಿಯಾಗಿ ಬಂತು. ಬ್ಯಾಗಿನಲ್ಲಿದ್ದದ್ದನ್ನು ತೆಗೆದು ಸ್ಕ್ರ್ಯಾಪ್ ಡಬ್ಬಕ್ಕೆ ಎಸೆದೆ.

ನೀವು ತಟ್ಟೆ ಹಿಡಿದು ಆ ಶೆಲ್ಫನ್ನೇ ನೋಡುತ್ತಾ ಕೂತಾಗ, ಅಪ್ಪ ಯೋಚನೆ ಮಾಡಲಿ ಎಂದು ನಾನು ಟಿವಿ ಆರಿಸಿ ಒಳಗೆ ಹೋಗುತ್ತಿದ್ದೆ. ನಿಮ್ಮ ಪಕ್ಕದ ಕುರ್ಚಿ ಖಾಲಿ ಇರುತ್ತಿತ್ತು. ಅನ್ನ ತಣ್ಣಗಾಗುತ್ತಿತ್ತು.

ಸಂಜೆ ಬಂದವಳೇ ಶೆಲ್ಫ್ ಖಾಲಿ ಮಾಡಿ ಒರೆಸಿದೆ. ಹತ್ತು ಬುಷ್ ಚೀಲದಲ್ಲಿವೆ, ನಾಳೆ ಸ್ಕ್ರ್ಯಾಪಿಗೆ ಹೋಗುತ್ತವೆ. ಎಲ್ಲಕ್ಕಿಂತ ದಪ್ಪಗಿನ ಒಂದನ್ನು ಮಾತ್ರ ಉಳಿಸಿಕೊಂಡು, ಮುಂಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟಿದ್ದೇನೆ.

ಗಾಳಿ ಚೆನ್ನಾಗಿ ಬರುತ್ತಿದೆ, ಅಪ್ಪ.